ಹಬೆಗೆ ಬಗ್ಗಿದ ಮರ



ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಈ ಗಾದೆಯನ್ನು ಶಾಲೆಯಲ್ಲಿ ಮಾಸ್ತರರ ಬಾಯಿಂದ, ಮನೆಯಲ್ಲಿ ಅಜ್ಜನ ಬಾಯಿಂದ ಕೇಳದವರು ನಮ್ಮಲ್ಲಿ ಯಾರಿದ್ದಾರೆ? ನಾನಂತೂ ಸಾಕಷ್ಟು ಸಲ ಕೇಳಿದ್ದೇನೆ; ನನ್ನನ್ನು ಉದ್ದೇಶಿಸಿಯೇ ಹೇಳಿದ್ದು ಅದರಲ್ಲಿ ಹೆಚ್ಚು. ಆದರೆ ಕೆಲವು ವರ್ಷಗಳ ಹಿಂದೆ ಒಂದು ಮೇ ತಿಂಗಳಲ್ಲಿ, ಮಾಂಡವಿ ನದಿಯ ದಂಡೆಯ ಮೇಲೆ, ತೆಂಗಿನ ಗರಿಯ ಚಪ್ಪರದ ಕೆಳಗೆ, ವಯಸ್ಸಾದ ಬಡಿಗರೊಬ್ಬರು ಆರಡಿ ಉದ್ದದ ಸಾಗುವಾನಿ ಪಟ್ಟಿಯೊಂದನ್ನು ಹಬೆಯ ಪೆಟ್ಟಿಗೆಯಿಂದ ಹೊರಗೆಳೆದು, ಮೊಣಕಾಲು ಕೊಟ್ಟು ಬಿಲ್ಲಿನಂತೆ ಬಗ್ಗಿಸಿ, ಹಳೆಯ ದೋಣಿಯ ಹೊಟ್ಟೆಯೊಳಗೆ ಕೂರಿಸಿದ್ದನ್ನು ಕಣ್ಣಾರೆ ಕಂಡೆ. ಅಂದಿನಿಂದ ಆ ಗಾದೆಯ ಭಯ ನನಗೆ ಮೊದಲಿನಷ್ಟಿಲ್ಲ. ಇಂದು ಆ ದೋಣಿಯ ಕಥೆಯನ್ನೂ ಅದರ ಹಿಂದಿರುವ ನಮ್ಮ ಕಾಡಿನ ಕಥೆಯನ್ನೂ ಹೇಳುತ್ತೇನೆ.

ಮೊಲೆಂದವನಿಗೂ ದೋಣಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಪ್ರಶ್ನೆ ಸರಿಯೇ. ನಮ್ಮದು ಘಟ್ಟದ ಬುಡ. ಒಂದು ಕಡೆ ಅನಮೋಡದ ಏರು, ಇನ್ನೊಂದು ಕಡೆ ಕುಳೆಂ ಸ್ಟೇಶನ್ನು, ಅದರಾಚೆ ದೂಧಸಾಗರ. ಪಣಜಿಯ ಜೆಟ್ಟಿ ನೋಡಬೇಕೆಂದರೆ ಹೆಚ್ಚುಕಡಿಮೆ 60 ಕಿಲೋಮೀಟರು ಬಸ್ಸಿನಲ್ಲಿ ಕೂರಬೇಕು. ಆದರೆ ದೂಧಸಾಗರದ ನೀರು ಖಾಂಡೇಪಾರ ಹೊಳೆಯಾಗಿ ಹರಿದು ಮಾಂಡವಿಯನ್ನೇ ಸೇರುತ್ತದೆ. ಆ ಮಾಂಡವಿ ಹುಟ್ಟುವುದೂ ಖಾನಾಪುರ ತಾಲೂಕಿನ ಭೀಮಗಡದ ಕಾಡಿನಲ್ಲಿ, ಮಹಾದಾಯಿ ಎಂಬ ಹೆಸರಿನಿಂದ. ಕೆಳಗಿನವರ ನೀರು ನಮ್ಮ ಕಡೆಯದು. ಅವರ ದೋಣಿಯ ಎಲುಬೂ ನಮ್ಮ ಕಡೆಯದೇ ಎಂಬುದು ನನಗೆ ಆ ಮೇ ತಿಂಗಳಿನ ತನಕ ಹೊಳೆದಿರಲಿಲ್ಲ.

ದೋಣಿ ಒಬ್ಬ ಸ್ನೇಹಿತರದು. ಅವರ ತಂದೆಯ ಕಾಲದ್ದು. ಸುಮಾರು 30 ಅಡಿ ಉದ್ದ. ಒಂದು ಕಾಲಕ್ಕೆ ತೆಂಗಿನಕಾಯಿ, ಹೆಂಚು, ಮದುವೆಯ ದಿಬ್ಬಣ ಎಲ್ಲವನ್ನೂ ಹೊತ್ತದ್ದು. ಸೇತುವೆಗಳಾದ ಮೇಲೆ ಅದಕ್ಕೆ ಕೆಲಸ ಕಡಿಮೆಯಾಗಿ, ವರ್ಷದ ಹೆಚ್ಚು ದಿನ ದಂಡೆಯ ಮೇಲೆ ಮಗುಚಿಕೊಂಡಿರುತ್ತಿತ್ತು. ಹಲಗೆಗಳು ಗಟ್ಟಿಯಾಗಿಯೇ ಇದ್ದವು. ಒಳಗಿನ ಪಕ್ಕೆಲುಬುಗಳು ಮಾತ್ರ ಬೆರಳು ಒತ್ತಿದರೆ ಒಳಗೆ ಹೋಗುವಷ್ಟು ಕೊಳೆತಿದ್ದವು. ಮಗ ಫೈಬರ್ ದೋಣಿ ತರೋಣ ಅಂದ. ತಂದೆಗೆ ಮನಸ್ಸು ಒಪ್ಪಲಿಲ್ಲ. ಪಕ್ಕೆಲುಬು ಹೊಸದು ಹಾಕಿಸಿದರೆ ಇನ್ನಿಪ್ಪತ್ತು ವರ್ಷ ಬರುತ್ತದೆ ಎಂದು ಹಟ ಹಿಡಿದರು. ಆ ಹಟದಿಂದ ನಾನು ಕಲಿತದ್ದು ಬಹಳ.

ಪಕ್ಕೆಲುಬು ಎಂದೆ. ಮನುಷ್ಯನ ಎದೆಗೂಡನ್ನು ನೆನೆಸಿಕೊಳ್ಳಿ. ಬೆನ್ನುಮೂಳೆಯ ಜಾಗದಲ್ಲಿ ತಳದ ಏರಾ ಮರ. ಅದರಿಂದ ಎರಡೂ ಬದಿಗೆ ಬಾಗಿ ಏಳುವ ಮರಗಳೇ ಪಕ್ಕೆಲುಬುಗಳು. ಹಲಗೆ ಚರ್ಮವಿದ್ದಂತೆ. ತೆರೆ ಹೊರಗಿನಿಂದ ಒತ್ತಿದಾಗ, ಸರಕು ಒಳಗಿನಿಂದ ಒತ್ತಿದಾಗ ಆಕಾರ ಕೆಡದ ಹಾಗೆ ಹಿಡಿಯುವುದು ಈ ಬಾಗಿದ ಮರ. ಹಳೆಯ ದೋಣಿಯಲ್ಲಿ ಮೊದಲು ಸಾಯುವುದೂ ಅದೇ. ಉಪ್ಪುನೀರು ಮರವನ್ನು ಅಷ್ಟು ಬೇಗ ಕೊಳೆಸುವುದಿಲ್ಲ. ಕೊಳೆಸುವುದು ಮಳೆಯ ಸಿಹಿನೀರು. ಮಳೆನೀರು ಒಳಗೆ ಇಳಿದು ಪಕ್ಕೆಲುಬಿಗೂ ಹಲಗೆಗೂ ನಡುವಿನ ಸಂದಿಯಲ್ಲಿ ನಿಲ್ಲುತ್ತದೆ, ಗಾಳಿಯಾಡುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಕಬ್ಬಿಣದ ಮೊಳೆ ಬೇರೆ ತುಕ್ಕು ಹಿಡಿದು ಉಬ್ಬಿ ತನ್ನ ಸುತ್ತಲಿನ ಮರವನ್ನೇ ತಿನ್ನುತ್ತದೆ. ಮಳೆಗಾಲದಲ್ಲಿ ದೋಣಿಯನ್ನು ಮಗುಚಿ ಹಾಕಿ ಮೇಲೆ ಗರಿ ಹೊದೆಸುವುದು ಸುಮ್ಮನೆ ಅಲ್ಲ.

ಬಡಿಗರು ಬಂದರು, ದೋಣಿಯೊಳಗೆ ಕೂತು ಸುತ್ತಿಗೆಯ ಹಿಡಿಯಿಂದ ಒಂದೊಂದೇ ಪಕ್ಕೆಲುಬನ್ನು ತಟ್ಟಿ ಕೇಳಿದರು, ವೈದ್ಯರ ಹಾಗೆ. ಹದಿನಾಲ್ಕರಲ್ಲಿ ಒಂಬತ್ತು ಹೋಗಿವೆ ಎಂದರು. ಆಮೇಲೆ ಹೇಳಿದ ಮಾತು ನನಗೆ ಹೊಸದು: ಇವುಗಳಲ್ಲಿ ಒಂದನ್ನೂ ಯಾರೂ ಬಗ್ಗಿಸಿಲ್ಲ, ಎಲ್ಲವೂ ಕಾಡಿನಲ್ಲೇ ಹೀಗೆ ಬೆಳೆದವು. ಮತ್ತಿ ಮರದ ಕೊಂಬೆ ಕಾಂಡದಿಂದ ಕವಲೊಡೆಯುವ ಜಾಗದಲ್ಲಿ ಬಾಗುತ್ತದಲ್ಲ, ಆ ಬಾಗನ್ನೇ ಕಡಿದು ತಂದು ಕೆತ್ತಿದ್ದು.

ಇದನ್ನು ಅರ್ಥಮಾಡಿಕೊಳ್ಳಲು ನಮಗೆ ಸಮುದ್ರ ಬೇಕಾಗಿಲ್ಲ. ಖಾನಾಪುರ, ಬೈಲಹೊಂಗಲದ ಕಡೆಯ ರೈತರು ನೇಗಿಲಿಗೆ ಜಾಲಿಯ ಮರ ನೋಡಲು ಹೋದಾಗ ಏನು ಮಾಡುತ್ತಿದ್ದರು? ನೆಟ್ಟಗಿನ ಮರವನ್ನು ಬಿಟ್ಟು ಸರಿಯಾದ ಡೊಂಕಿನ ಮರವನ್ನೇ ಹುಡುಕುತ್ತಿದ್ದರು. ನೆಟ್ಟಗಿನ ಮರವನ್ನು ಡೊಂಕಾಗಿ ಕೊಯ್ದರೆ ಎಳೆ ಅಡ್ಡ ಬೀಳುತ್ತದೆ, ಮೊದಲ ಕಲ್ಲಿಗೇ ಮುರಿಯುತ್ತದೆ. ತಾನಾಗಿ ಬಾಗಿ ಬೆಳೆದ ಮರದಲ್ಲಿ ಎಳೆಯೂ ಬಾಗಿನ ಜೊತೆಗೇ ಓಡುತ್ತದೆ. ನೇಗಿಲಿಗೆ ಯಾವ ನ್ಯಾಯವೋ ದೋಣಿಗೂ ಅದೇ ನ್ಯಾಯ. ಕನ್ನಡದಲ್ಲಿ ಡೊಂಕು, ಮರಾಠಿಯಲ್ಲಿ ವಾಕಡಾ, ಕೊಂಕಣಿಯಲ್ಲಿ ವಾಂಕಡೆಂ ಎಂದರೆ ಮೂರರಲ್ಲೂ ಬೈಗುಳವೇ. ಬಡಿಗನ ಬಾಯಲ್ಲಿ ಮಾತ್ರ ಅದು ಹೊಗಳಿಕೆ.

ಹಡಗು ಕಟ್ಟುವ ಎಲ್ಲ ದೇಶಗಳಲ್ಲೂ ಹೀಗೆಯೇ ಇತ್ತು. ಇಂಗ್ಲೆಂಡು, ಫ್ರಾನ್ಸುಗಳ ಹಡಗು ಬಡಿಗರು ತೆಳು ಹಲಗೆಯ ಅಚ್ಚುಗಳನ್ನು ಹೊತ್ತುಕೊಂಡು ಓಕ್ ಮರಗಳ ಕಾಡಿಗೆ ಹೋಗಿ, ಯಾವ ಕೊಂಬೆ ಯಾವ ಅಚ್ಚಿಗೆ ಹೊಂದುತ್ತದೆಂದು ನೋಡಿ ಗುರುತು ಮಾಡುತ್ತಿದ್ದರು. ಒಂದು ಯುದ್ಧನೌಕೆಗೆ ನೂರಾರು ಡೊಂಕು ಮರ ಬೇಕು. ಡೊಂಕು ಓಕ್ ಸಾವಕಾಶವಾಗಿ ಬೆಳೆಯುತ್ತದೆ; ಯುದ್ಧ ಸಾವಕಾಶವಾಗಿ ಬರುವುದಿಲ್ಲ. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಅವರ ಓಕ್ ಸಾಲದಾಯಿತು, ಕಣ್ಣು ನಮ್ಮ ಸಹ್ಯಾದ್ರಿಯ ಮೇಲೆ ಬಿತ್ತು.

ಮುಂಬಯಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಕಟ್ಟೆ ಆಗಲೇ ಇತ್ತು. ಸೂರತ್ತಿನಿಂದ ಲವಜಿ ನಸರವಾನಜಿ ವಾಡಿಯಾ ಎಂಬ ಪಾರಸಿ ಬಡಿಗರು 1736ರಲ್ಲಿ ಅಲ್ಲಿಗೆ ಬಂದರು. ಅವರ ವಂಶದವರು ತಲೆಮಾರುಗಳ ಕಾಲ ಸಾಗುವಾನಿಯ ಹಡಗು ಕಟ್ಟಿದರು. ಅವುಗಳಲ್ಲಿ ಒಂದಾದ ಟ್ರಿಂಕೋಮಲೀ ಎಂಬ ನೌಕೆ 1817ರಲ್ಲಿ ನೀರಿಗಿಳಿಯಿತು. ಮಲಬಾರದ ಸಾಗುವಾನಿಯಲ್ಲಿ ಕಟ್ಟಿದ ಆ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಎಂಬಲ್ಲಿ ತೇಲುತ್ತಿದೆ. ಈ ಮರಕ್ಕಾಗಿ ಕಂಪನಿ 1806ರಲ್ಲಿ ವಾಟ್ಸನ್ ಎಂಬ ಕ್ಯಾಪ್ಟನ್ನನನ್ನು ಅರಣ್ಯ ಸಂರಕ್ಷಕ ಎಂದು ನೇಮಿಸಿತು. ಹೆಸರು ಸಂರಕ್ಷಕ, ಕೆಲಸ ಸಾಗುವಾನಿಯನ್ನೆಲ್ಲ ಕಂಪನಿಯ ಹಕ್ಕಿಗೆ ತರುವುದು. ಹಿತ್ತಲಲ್ಲಿ ತಾನು ಬೆಳೆಸಿದ ಮರವನ್ನು ತಾನೇ ಕಡಿಯುವಂತಿಲ್ಲ ಎಂದಾಗ ಜನ ಸುಮ್ಮನಿರಲಿಲ್ಲ. 1799ರಲ್ಲಿ ಕೆನರಾದ ಕಲೆಕ್ಟರನಾಗಿ ನಮ್ಮ ಕರಾವಳಿಯನ್ನು ಕಂಡಿದ್ದ ಥಾಮಸ್ ಮನ್ರೋ ಮದ್ರಾಸಿನ ಗವರ್ನರನಾದ ಮೇಲೆ, 1823ರಲ್ಲಿ ಆ ಹುದ್ದೆಯನ್ನೇ ರದ್ದು ಮಾಡಿದ.

ಇದಕ್ಕೂ ಮುಂಚೆ ಇನ್ನೊಬ್ಬನಿಗೆ ಇದೇ ಮರದ ಆಸೆ ಹುಟ್ಟಿತ್ತು. ಟೀಪೂ ಸುಲ್ತಾನ 1796ರಲ್ಲಿ ನೌಕಾಪಡೆಯೊಂದನ್ನು ಕಟ್ಟಲು ಆಜ್ಞೆ ಹೊರಡಿಸಿದ: 20 ದೊಡ್ಡ ಯುದ್ಧನೌಕೆ, 20 ಫ್ರಿಗೇಟು. ಹಡಗುಕಟ್ಟೆಗೆ ಆರಿಸಿದ ಸ್ಥಳಗಳು ಮಂಗಳೂರು, ಮಿರ್ಜಾನ ಮತ್ತು ಸದಾಶಿವಗಡದ ಹತ್ತಿರ. ಮೂರು ವರ್ಷದಲ್ಲಿ ಅವನೇ ಇರಲಿಲ್ಲ. ಆದರೆ ಸದಾಶಿವಗಡವನ್ನು ಆರಿಸಿದ ಕಣ್ಣು ಎಂಥದು ನೋಡಿ! ಸೂಪಾ, ದಾಂಡೇಲಿಯ ಕಾಡಿನ ನೀರೆಲ್ಲ ಕಾಳಿ ನದಿಯಾಗಿ ಸಮುದ್ರ ಸೇರುವುದು ಅಲ್ಲಿಯೇ. ಮುಂದೆ ಇಂಗ್ಲಿಷರೂ ಆ ಕಾಡಿನ ಮರವನ್ನು ಕಾಳಿಯಲ್ಲಿ ತೇಲಿಸಿ ಅದೇ ಸದಾಶಿವಗಡಕ್ಕೆ ತಂದರು.

ಪೋರ್ತುಗೀಜರ ಸಂಗತಿ ನಮಗೆ ಇನ್ನೂ ಹತ್ತಿರದ್ದು. 1510ರಲ್ಲಿ ಅವರು ಗೋವೆಯನ್ನು ಹಿಡಿದಾಗ ಇಲ್ಲಿ ಆದಿಲಶಾಹಿಯ ಹಡಗುಕಟ್ಟೆ ಸಿದ್ಧವಾಗಿಯೇ ಇತ್ತು. ಮಾಂಡವಿಯ ದಂಡೆಯಲ್ಲಿ ಅವರು ಅದನ್ನೇ ಬೆಳೆಸಿದರು. ಭಾರತದಲ್ಲಿ ಕಟ್ಟಿ ಪೋರ್ತುಗಲ್ಲಿಗೆ ಹೋದ ಕೊನೆಯ ದೊಡ್ಡ ಹಾಯಿ ಹಡಗಿನ ಹೆಸರು ದೋಮ್ ಫೆರ್ನಾಂಡೋ ಎರಡು ಇ ಗ್ಲೋರಿಯಾ. ದಮನದಲ್ಲಿ ಕಟ್ಟಿದ್ದು, ನಗರ ಹವೇಲಿಯ ಸಾಗುವಾನಿ, 1843ರಲ್ಲಿ ನೀರಿಗಿಳಿದು, ಗೋವೆಯಲ್ಲಿ ಹಾಯಿಕಂಬ, ಹಗ್ಗಗಳನ್ನು ಹಾಕಿಸಿಕೊಂಡು ಹೊರಟಿತು. 50 ತೋಪಿನ ಫ್ರಿಗೇಟು. 1963ರಲ್ಲಿ ಲಿಸ್ಬನ್ನಿನ ತೇಜೋ ನದಿಯಲ್ಲಿ ಬೆಂಕಿ ಬಿದ್ದು ಸುಟ್ಟಿತು. ಅರ್ಧ ಸುಟ್ಟ ಒಡಲು ಸುಮಾರು 30 ವರ್ಷ ಕೆಸರಿನಲ್ಲಿ ಬಿದ್ದಿತ್ತು. 1992ರಲ್ಲಿ ಅದನ್ನು ಎತ್ತಿ ರಿಪೇರಿಗೆ ಒಯ್ದರು, 1998ರ ಲಿಸ್ಬನ್ ಪ್ರದರ್ಶನದ ವೇಳೆಗೆ ಜನರಿಗೆ ತೋರಿಸಿದರು. ಅಂಥ ದೊಡ್ಡ ಹಡಗಿನ ಪಕ್ಕೆಲುಬನ್ನು ಯಾವ ಹಬೆಯೂ ಬಗ್ಗಿಸಲಾರದು. ಅಷ್ಟು ದಪ್ಪದ ಮರದ ನಡುವಿಗೆ ಬಿಸಿ ಮುಟ್ಟುವುದರೊಳಗೆ ಹೊರಮೈ ಬೆಂದು ಹಾಳಾಗುತ್ತದೆ. ಹಲವು ಡೊಂಕು ತುಂಡುಗಳನ್ನು ಒಂದಕ್ಕೊಂದು ಜೋಡಿಸಿಯೇ ಅಂಥ ಪಕ್ಕೆಲುಬು ಆಗಬೇಕು.

ಇನ್ನೂ ಹಿಂದಕ್ಕೆ ಹೋದರೆ ಲೆಕ್ಕ ತಲೆಕೆಳಗಾಗುತ್ತದೆ. ನಮ್ಮ ಪಶ್ಚಿಮ ಕರಾವಳಿಯ ಹಳೆಯ ಹಡಗುಗಳಲ್ಲಿ ಮೊದಲು ಹಲಗೆ, ಆಮೇಲೆ ಪಕ್ಕೆಲುಬು. ಹಲಗೆಗೆ ತೂತು ಕೊರೆದು ತೆಂಗಿನ ನಾರಿನ ಹಗ್ಗದಿಂದ ಒಂದಕ್ಕೊಂದು ಹೊಲಿಯುತ್ತಿದ್ದರು. ಒಡಲು ಆದ ಮೇಲೆ ಒಳಗೆ ಪಕ್ಕೆಲುಬು ಕೂರಿಸುತ್ತಿದ್ದರು. 1340ರ ದಶಕದಲ್ಲಿ ಹೊನ್ನಾವರಕ್ಕೂ, ತಾನು ಸಂದಾಪುರ ಎಂದು ಕರೆದ ಗೋವೆಗೂ ಬಂದಿದ್ದ ಇಬ್ನ್ ಬತೂತಾ ಇದರ ಕಾರಣವನ್ನೂ ಬರೆದಿದ್ದಾನೆ: ಮೊಳೆ ಹೊಡೆದ ಹಡಗು ಬಂಡೆಗೆ ಬಡಿದರೆ ಒಡೆಯುತ್ತದೆ, ಹೊಲಿದದ್ದು ಸ್ವಲ್ಪ ಬಳುಕಿ ಉಳಿಯುತ್ತದೆ. ಅವನಿಗಿಂತಲೂ ಹಿಂದೆ ಗೋವೆಯ ಕದಂಬರ ಕಾಲದ ವೀರಗಲ್ಲುಗಳ ಮೇಲೆ ಹಡಗಿನ ಕಾಳಗಗಳನ್ನು ಕೆತ್ತಿದ್ದಾರೆ. ಹಳೆ ಗೋವೆಯ ವಸ್ತುಸಂಗ್ರಹಾಲಯದಲ್ಲಿ ಅಂಥವನ್ನು ನೋಡಬಹುದು. ಆ ಕದಂಬರ ಇನ್ನೊಂದು ರಾಜಧಾನಿ ಎಲ್ಲಿತ್ತು? ನಮ್ಮ ಖಾನಾಪುರ ತಾಲೂಕಿನ ಹಲಸಿಯಲ್ಲಿ. ಮೊಲೆಂ ಹತ್ತಿರದ ತಾಂಬ್ಡಿ ಸುರ್ಲಾದ ಮಹಾದೇವ ಗುಡಿಯೂ ಅವರ ಕಾಲದ್ದೇ. ಅವರ ಅರಸ ಗುಹಲ್ಲದೇವ ಸೋಮನಾಥ ಯಾತ್ರೆಗೆ ಹೊರಟಾಗ ಹಾಯಿಕಂಬ ಮುರಿದು ಗೋವೆಯ ಬಂದರಿನಲ್ಲಿ ಆಶ್ರಯ ಪಡೆದನೆಂದೂ, ಮದುಮೋದ ಎಂಬ ಮುಸಲ್ಮಾನ ವ್ಯಾಪಾರಿ ನೆರವಾದನೆಂದೂ ಆ ಮನೆತನದ ತಾಮ್ರಪಟ ಹೇಳುತ್ತದೆ. ಹಡಗಿನ ಮರ ಮುರಿದ ಸುದ್ದಿಯನ್ನು ತಾಮ್ರದಲ್ಲಿ ಬರೆಸಿಟ್ಟವರು ನಮ್ಮವರು!

ಹೊಲಿದ ಹಡಗಿನಲ್ಲಿ ಮೊದಲು ಬಗ್ಗಬೇಕಾದದ್ದು ಹಲಗೆ. ಹಲಗೆಯನ್ನು ಕಾಡಿನಲ್ಲಿ ಡೊಂಕಾಗಿ ಹುಡುಕಲು ಬರುವುದಿಲ್ಲ. ಅದಕ್ಕೆ ನೀರು ಮತ್ತು ಬೆಂಕಿ, ಇವೆರಡೇ ದಾರಿ. ನಮ್ಮ ಮೇದಾರರು ಬಿದಿರನ್ನು ಬೆಂಕಿಗೆ ಹಿಡಿದು ಬಗ್ಗಿಸುವುದನ್ನು ನೀವು ಬೆಳಗಾವಿಯ ಸಂತೆಯಲ್ಲೋ ಫೋಂಡಾದ ಪೇಟೆಯಲ್ಲೋ ನೋಡಿರಬಹುದು. ಯುರೋಪಿನ ಬಡಿಗರೂ ಮೊದಲು ಹಲಗೆಯ ಒಂದು ಮುಖ ತೋಯಿಸಿ ಇನ್ನೊಂದು ಮುಖಕ್ಕೆ ಬೆಂಕಿ ಕೊಡುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಬಿಸಿ ಮಾಡಿದ ಒದ್ದೆ ಮರಳಿನಲ್ಲಿ ಹೂತಿಡುವುದನ್ನು ಕಲಿತರು. ಆಮೇಲೆ ಹಬೆಯ ಪೆಟ್ಟಿಗೆ ಬಂತು. ಹಬೆ ಬಂದ ಮೇಲೆ ಸಣ್ಣ ದೋಣಿಗಳಿಗೆ ಡೊಂಕು ಮರದ ಹಂಗು ತಪ್ಪಿತು. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ತಿಮಿಂಗಿಲ ಬೇಟೆಯ ದೋಣಿಗಳ ಪಕ್ಕೆಲುಬುಗಳು ಹಬೆಯಲ್ಲಿ ಬಗ್ಗಿಸಿದ ತೆಳು ಓಕ್ ಪಟ್ಟಿಗಳು.

ಈ ವಿದ್ಯೆಯನ್ನು ಹಣ ಮಾಡಿದವನು ಮಾತ್ರ ಹಡಗಿನವನಲ್ಲ, ಕುರ್ಚಿಯವನು. ಮಿಖಾಯೆಲ್ ಥೋನೆಟ್ ಎಂಬ ಜರ್ಮನ್ ಬಡಿಗ ವಿಯೆನ್ನಾದಲ್ಲಿ ನೆಲೆಸಿ ಬೀಚ್ ಮರದ ಕೋಲುಗಳನ್ನು ಹಬೆಯಲ್ಲಿ ಬಗ್ಗಿಸಿ ಕುರ್ಚಿ ಮಾಡಿದ. 1859ರಲ್ಲಿ ಬಂದ ಅವನ 14ನೆಯ ನಮೂನೆಯ ಕುರ್ಚಿಯಲ್ಲಿ ಮರದ ಭಾಗಗಳು ಆರೇ ಆರು. ಬಿಚ್ಚಿಟ್ಟರೆ ಒಂದು ಘನಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಮುಂಬಯಿಯ ಇರಾಣಿ ಹೋಟೆಲುಗಳಲ್ಲಿ ಚಹಾ ಕುಡಿದವರೆಲ್ಲ ಆ ಜಾತಿಯ ಬಾಗು ಬೆನ್ನಿನ ಕುರ್ಚಿಯಲ್ಲಿ ಕೂತವರೇ. ಹಾಕಿ ಆಡಿದವರ ಕೈಯಲ್ಲೂ ಇದೇ ವಿದ್ಯೆ ಇತ್ತು. ಮರದ ಹಾಕಿ ಸ್ಟಿಕ್ಕಿನ ಕೆಳಗಿನ ಹಿಪ್ಪುನೇರಳೆಯ ಕೊಕ್ಕೆಯನ್ನು ಬಗ್ಗಿಸುವುದು ಹಬೆಯಲ್ಲೇ.

ಹಬೆಗೆ ಮರ ಯಾಕೆ ಬಗ್ಗುತ್ತದೆ? ಬೆಲ್ಲದ ಪಾಕದ ಚಿಕ್ಕಿಯನ್ನು ನೆನೆಸಿಕೊಳ್ಳಿ. ಒಲೆಯಿಂದ ಇಳಿಸಿದ ಕೂಡಲೇ ಬೇಕಾದ ಹಾಗೆ ಮಡಚಬಹುದು, ತಣ್ಣಗಾದ ಮೇಲೆ ಮಡಚಿದರೆ ಟಕ್ಕೆಂದು ಮುರಿಯುತ್ತದೆ. ಮರವೆಂದರೆ ಸೂಕ್ಷ್ಮವಾದ ಎಳೆಗಳ ಕಟ್ಟು. ಆ ಎಳೆಗಳನ್ನು ಹಿಡಿದಿಟ್ಟ ಅಂಟಿಗೆ ಲಿಗ್ನಿನ್ ಎನ್ನುತ್ತಾರೆ. ನೀರಿನಂಶ ಮತ್ತು ನೀರು ಕುದಿಯುವಷ್ಟು ಬಿಸಿ ಎರಡೂ ಒಟ್ಟಿಗೆ ತಾಗಿದಾಗ ಈ ಅಂಟು ಮೆತ್ತಗಾಗುತ್ತದೆ, ಎಳೆಗಳು ಒಂದರ ಮೇಲೊಂದು ಜಾರುತ್ತವೆ. ತಣ್ಣಗಾದರೆ ಹೊಸ ಆಕಾರದಲ್ಲೇ ಹೆಪ್ಪುಗಟ್ಟುತ್ತವೆ. ಒಂದು ಇಂಚು ದಪ್ಪಕ್ಕೆ ಒಂದು ತಾಸು ಹಬೆ ಎಂಬುದು ಬಡಿಗರ ಲೆಕ್ಕ.

ಇದರಲ್ಲಿ ಒಂದು ಗುಟ್ಟಿದೆ. ಬಗ್ಗುವಾಗ ಮರದ ಒಳಮೈ ಕುಗ್ಗಬೇಕು, ಹೊರಮೈ ಹಿಗ್ಗಬೇಕು. ಹಬೆ ಕುಡಿದ ಮರ ಕುಗ್ಗಲು ಧಾರಾಳವಾಗಿ ಒಪ್ಪುತ್ತದೆ. ಹಿಗ್ಗುವುದು ಮಾತ್ರ ನೂರಕ್ಕೆ ಒಂದೆರಡು ಪಾಲು, ಅದಕ್ಕಿಂತ ಹೆಚ್ಚಾದರೆ ಹೊರಮೈಯ ಎಳೆ ಹರಿಯುತ್ತದೆ. ಥೋನೆಟ್ ಮಾಡಿದ ದೊಡ್ಡ ಕೆಲಸವೆಂದರೆ ಹೊರಮೈಗೆ ಲೋಹದ ಪಟ್ಟಿ ಬಿಗಿದು ಅದು ಹಿಗ್ಗದ ಹಾಗೆ ತಡೆದದ್ದು. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ಹಾಕುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ, ಉದ್ದೇಶ ಬೇರೆಯಾದರೂ.

ಈಗ ಮಾಂಡವಿಯ ದಂಡೆಗೆ ಬರೋಣ. ಒಂಬತ್ತು ಡೊಂಕು ಮತ್ತಿ ಎಲ್ಲಿಂದ ತರುವುದು? ಮೊಲೆಂದವನೆಂದು ನನ್ನನ್ನು ಕೇಳಿದರು. ನಾನು ನಕ್ಕೆ. ನಮ್ಮ ಕಾಡು 1969ರಿಂದ ಅಭಯಾರಣ್ಯ. ಅದರ ನಡುವಿನ 107 ಚದರ ಕಿಲೋಮೀಟರು 1978ರಿಂದ ರಾಷ್ಟ್ರೀಯ ಉದ್ಯಾನ. ಅಲ್ಲಿ ಬಿದ್ದ ಕೊಂಬೆ ತರುವುದೂ ಅಪರಾಧ. ಹಾಗಿರುವುದು ಒಳ್ಳೆಯದೇ ಎಂದು ನಾನು ತಿಳಿದವನು. ಸರಕಾರಿ ಕಟ್ಟಿಗೆ ಡಿಪೋಗಳಲ್ಲಿ ಸಿಗುವುದು ನೆಟ್ಟಗಿನ ದಿಮ್ಮಿ. ಡೊಂಕು ಮರವನ್ನು ಉರುವಲು ಎಂದು ಬೇರೆ ರಾಶಿ ಹಾಕಿರುತ್ತಾರೆ. ಸ್ನೇಹಿತರು ಒಂದು ಡಿಪೋಗೆ ಹೋಗಿ ಆ ರಾಶಿಯಲ್ಲಿ ಹುಡುಕುತ್ತೇನೆ ಎಂದಾಗ ಅಲ್ಲಿಯವರು ಇವರ ತಲೆ ಸರಿ ಇದೆಯೇ ಎಂದು ನೋಡಿದರಂತೆ. ಸಿಕ್ಕ ಎರಡೂ ಸೀಳುಬಿಟ್ಟಿದ್ದವು. ಬಡಿಗರು ಆಗ, ಹಾಗಾದರೆ ನೆಟ್ಟಗಿನದನ್ನೇ ಡೊಂಕು ಮಾಡೋಣ ಎಂದರು. ಅವರು ಮೊದಲು ದೊಡ್ಡ ಹಡಗುಕಟ್ಟೆಯೊಂದರಲ್ಲಿ ದುಡಿದವರು. ಹಬೆಯ ಕೆಲಸ ಅಲ್ಲಿ ಕಲಿತದ್ದು.

ಪೆಟ್ಟಿಗೆ ಬಹಳ ಸರಳ. ನಾಲ್ಕು ಹಲಗೆ ಸೇರಿಸಿದ ಎಂಟಡಿಯ ಉದ್ದ ಕೊಳವೆ, ಎರಡೂ ಬಾಯಿಗೆ ಹಳೆಯ ಗೋಣಿ. ಕೆಳಗೆ ಕಲ್ಲಿನ ಒಲೆಯ ಮೇಲೆ ಎಣ್ಣೆಯ ಡ್ರಮ್ಮು, ಅದರಿಂದ ಒಂದು ಪೈಪು. ಬಾಯಿ ಪೂರ್ತಿ ಮುಚ್ಚಬಾರದು, ಮುಚ್ಚಿದರೆ ಡ್ರಮ್ಮೇ ಸಿಡಿದೀತು. ಎರಡೂ ಕಡೆಯಿಂದ ಹಬೆ ಸೋರುತ್ತಲೇ ಇರಬೇಕು. ನಮ್ಮ ಕಡೆ ಇಡ್ಲಿ ಬೇಯಿಸುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಮೊದಲ ದಿನ ಸೋಲಾಯಿತು. ಅದರಲ್ಲಿ ತಪ್ಪು ನನ್ನದು. ಕೆಡವಿದ ಹಳೆಯ ಮನೆಯೊಂದರ ಸಾಗುವಾನಿ ಜಂತಿಯನ್ನು ಹಣ ಉಳಿಯುತ್ತದೆಂದು ನಾನೇ ಕೊಡಿಸಿದ್ದೆ. ನೂರು ವರ್ಷ ಮಾಡಿನ ಕೆಳಗೆ ಒಣಗಿದ ಮರ, ನೋಡಲು ಚೆಂದ. ಬಡಿಗರು ಅದನ್ನು ನೋಡಿ ಮುಖ ಸಿಂಡರಿಸಿದರು, ಆದರೆ ನನ್ನ ಮೇಲಿನ ದಾಕ್ಷಿಣ್ಯಕ್ಕೆ ಬೇಡ ಎನ್ನಲಿಲ್ಲ. ಒಂದೂವರೆ ಇಂಚಿನ ಪಟ್ಟಿಯನ್ನು ಒಂದೂವರೆ ತಾಸು ಹಬೆಯಲ್ಲಿಟ್ಟು ಹೊರತೆಗೆದು ಬಗ್ಗಿಸಿದರು. ಅರ್ಧ ಬಾಗಿಗೆ ಬಂದಿತ್ತು, ಒಂದು ಸಣ್ಣ ಗಂಟಿನ ಹತ್ತಿರ ಬಂದೂಕು ಹಾರಿದ ಹಾಗೆ ಸದ್ದಾಯಿತು. ಎರಡನೆಯದೂ ಹಾಗೆಯೇ. ಅಷ್ಟು ಒಣಗಿದ ಮರಕ್ಕೆ ಹಬೆ ಒಳಗೆ ನೀರು ಕೊಡಲಾರದು, ಅಂಟು ಮೆತ್ತಗಾಗುವುದಿಲ್ಲ. ಗಂಟಿದ್ದರಂತೂ ಎಳೆ ಅಲ್ಲೇ ತಿರುವು ತೆಗೆದುಕೊಂಡಿರುತ್ತದೆ. ಉಳಿಸಿದ ಹಣದ ಲೆಕ್ಕವನ್ನು ಯಾರೂ ನನ್ನನ್ನು ಕೇಳಲಿಲ್ಲ. ಅದೇ ಹೆಚ್ಚು ನೋಯಿಸಿತು.

ಮರುವಾರ ಡಿಪೋದಿಂದ ಅರೆಹಸಿ ಸಾಗುವಾನಿ ತಂದರು. ಗಂಟಿಲ್ಲದ್ದು, ಎಳೆ ಈ ತುದಿಯಿಂದ ಆ ತುದಿಗೆ ನೇರ ಓಡಿದ್ದು. ಸಾಗುವಾನಿ ಓಕಿನಷ್ಟು ಚೆನ್ನಾಗಿ ಬಗ್ಗುವ ಜಾತಿಯಲ್ಲ. ಆದ್ದರಿಂದ ಬಡಿಗರು ದಪ್ಪ ಪಟ್ಟಿಯ ಬದಲು ಮುಕ್ಕಾಲು ಇಂಚಿನ ಎರಡು ಪಟ್ಟಿ ಮಾಡಿ, ಒಂದನ್ನು ಕೂರಿಸಿ ಅದರ ಮೇಲೆ ಇನ್ನೊಂದನ್ನು ಕೂರಿಸಲು ನಿರ್ಧರಿಸಿದರು. ತೆಳುವಾದಷ್ಟೂ ಬಾಗು ಹೆಚ್ಚು ತಾಳುತ್ತದೆ.

ಇಲ್ಲಿ ಆತುರಗಾರರು ಮಾಡುವ ಒಂದು ತಪ್ಪನ್ನು ಹೇಳಬೇಕು. ಕೊಳೆತವನ್ನೆಲ್ಲ ಒಟ್ಟಿಗೆ ಕಿತ್ತುಹಾಕುವುದು. ಹಾಗೆ ಮಾಡಿದರೆ ಹಳೆಯ ಹಲಗೆಗಳು ತಮ್ಮ ಭಾರಕ್ಕೇ ಬಿಚ್ಚಿಕೊಂಡು ದೋಣಿ ಚಪ್ಪಟೆಯಾಗುತ್ತದೆ, ಆಮೇಲೆ ಯಾವ ಪಕ್ಕೆಲುಬು ಹಾಕಿದರೂ ಅದೇ ಚಪ್ಪಟೆ ಆಕಾರ. ನಮ್ಮ ಬಡಿಗರು ಒಂದನ್ನು ತೆಗೆದು ಅದರ ಜಾಗ ತುಂಬಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿದರು. ಅಳತೆಯನ್ನು ಕೊಳೆತ ಪಕ್ಕೆಲುಬಿನಿಂದ ತೆಗೆಯಲಿಲ್ಲ, ಅದು ಜೋತುಬಿದ್ದಿರುತ್ತದೆ. ಎದುರು ಬದಿಯ ಗಟ್ಟಿ ಪಕ್ಕೆಲುಬಿನಿಂದ ಅಚ್ಚು ತೆಗೆದರು. ನೆಲದ ಮೇಲೆ ಗೂಟ ಹೊಡೆದು ಆ ಅಚ್ಚಿಗಿಂತ ಸ್ವಲ್ಪ ಹೆಚ್ಚು ಬಾಗಿನ ಗೆರೆ ಮಾಡಿಟ್ಟರು. ಬಿಟ್ಟ ಕೂಡಲೇ ಮರ ಸ್ವಲ್ಪ ಹಿಂದಕ್ಕೆ ಬರುತ್ತದಲ್ಲ, ಆ ಲೆಕ್ಕಕ್ಕೆ.

ಮುಕ್ಕಾಲು ತಾಸು ಕಳೆಯಿತು. ಗೋಣಿ ಕಿತ್ತರು. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡ ಇಬ್ಬರು ಹುಡುಗರು ಪಟ್ಟಿಯನ್ನು ಎಳೆದು ಓಡಿದರು. ಆಮೇಲೆ ಯಾರೂ ಮಾತಾಡಲಿಲ್ಲ; ಮಾತಾಡಲು ಸಮಯವಿಲ್ಲ. ಹೊರಗೆ ಬಂದ ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷದೊಳಗೆ ಕೆಲಸ ಮುಗಿಯಬೇಕು. ಪಟ್ಟಿ ಗೂಟಗಳ ನಡುವೆ ಕೂತಿತು, ಬಡಿಗರು ಮೊಣಕಾಲು ಕೊಟ್ಟರು, ಮರ ಒಂದು ನಿಟ್ಟುಸಿರಿನ ಹಾಗೆ ಸಣ್ಣ ಸದ್ದು ಮಾಡಿ ಬಗ್ಗಿತು. ಎರಡನೆಯ ಸಲ ಗೂಟದ ಆಸರೆಯನ್ನೂ ಬಿಟ್ಟು ನೇರವಾಗಿ ದೋಣಿಯೊಳಗೇ ಒತ್ತಿ ಬಿಗಿದರು. ನಾನು ಮೊದಲು ಹೇಳಿದ್ದು ಆ ಪಟ್ಟಿಯ ಸಂಗತಿ. ತಾಮ್ರದ ಮೊಳೆ, ಸಂದಿಗೆ ಹತ್ತಿ ಮತ್ತು ಎಣ್ಣೆಯಲ್ಲಿ ಕಾಯಿಸಿದ ರಾಳ. ಒಂಬತ್ತು ಪಕ್ಕೆಲುಬಿಗೆ ಹನ್ನೊಂದು ದಿನ ಹಿಡಿಯಿತು. ಎರಡು ಪಟ್ಟಿ ಮಾತ್ರ ಮತ್ತೆ ಮುರಿದವು.

ಇಂಥ ಕೆಲಸ ಮುದುಕರ ಜೊತೆಗೇ ಮುಗಿದುಹೋಗುತ್ತದೆಂದು ನಾನು ಆಗ ತಿಳಿದಿದ್ದೆ. ಆದರೆ ಮುಂದೆ ಅದೇ ಮಾಂಡವಿಯ ದಿವಾಡಿ ದ್ವೀಪದಲ್ಲಿ ನಾನು ಊಹಿಸಿರದ ಕೆಲಸ ನಡೆಯಿತು. ಅಜಂತಾದ ಗುಹೆಯಲ್ಲಿ ಐದನೆಯ ಶತಮಾನದ ಹಡಗಿನ ಚಿತ್ರವೊಂದಿದೆ. ಅದನ್ನು ನೋಡಿ ಹೊಲಿದ ಹಡಗೊಂದನ್ನು ಕಟ್ಟಲು ಸಂಸ್ಕೃತಿ ಸಚಿವಾಲಯ, ಭಾರತೀಯ ನೌಕಾಪಡೆ ಮತ್ತು ಗೋವೆಯ ಹೊಡಿ ಇನ್ನೋವೇಶನ್ಸ್ 2023ರ ಜುಲೈಯಲ್ಲಿ ಒಪ್ಪಂದ ಮಾಡಿಕೊಂಡವು. ಹೊಡಿ ಎಂದರೆ ದೋಣಿ ಎಂದು ಕೊಂಕಣಿ ಬಲ್ಲ ನಿಮಗೆ ನಾನು ಹೇಳಬೇಕೇ? ಕೇರಳದ ಬಾಬು ಶಂಕರನ್ ಅವರ ಮುಂದಾಳುತನದಲ್ಲಿ ಬಡಿಗರು ಹಲಗೆಗಳನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ಒಡಲಿನ ಬಾಗಿಗೆ ಒಗ್ಗಿಸಿ, ನಾರಿನ ಹಗ್ಗದಿಂದ ಹೊಲಿದರು. ನಕ್ಷೆ ಉಳಿದಿಲ್ಲದ ಹಡಗು ತೇಲುತ್ತದೋ ಇಲ್ಲವೋ ಎಂಬುದನ್ನು ಮದ್ರಾಸಿನ ಐಐಟಿಯ ನೆರವಿನಿಂದ ಮಾದರಿ ಮಾಡಿ ಪರೀಕ್ಷಿಸಿದರು. 2025ರ ಫೆಬ್ರುವರಿಯಲ್ಲಿ ನೀರಿಗಿಳಿದ ಆ ಹಡಗನ್ನು ಮೇ 21ರಂದು ನಮ್ಮ ಕಾರವಾರದಲ್ಲಿ ಕೌಂಡಿನ್ಯ ಎಂಬ ಹೆಸರಿನಿಂದ ನೌಕಾಪಡೆಗೆ ಸೇರಿಸಿದರು. ಹಾಯಿಯ ಮೇಲೆ ಸೂರ್ಯನ ಜೊತೆ ಗಂಡಭೇರುಂಡ. ಅದು ಕರ್ನಾಟಕದ ಲಾಂಛನವೂ ಹೌದು. ಅದೇ ವರ್ಷದ ಡಿಸೆಂಬರ್ 29ರಂದು ಪೋರಬಂದರದಿಂದ ಹೊರಟು 2026ರ ಜನವರಿಯಲ್ಲಿ ಮಸ್ಕತ್ ಮುಟ್ಟಿತು. ಸುದ್ದಿ ಬಂದ ದಿನ ನಾನು ಸ್ನೇಹಿತರಿಗೆ ಫೋನು ಮಾಡಿದೆ. ಅವರು, ನಮ್ಮದೂ ನಿನ್ನೆ ನದಿ ದಾಟಿತು ಎಂದರು, ಗಂಭೀರವಾಗಿಯೇ.

ಇನ್ನೊಂದು ಸಣ್ಣ ಸಂಗತಿ ಉಳಿಯಿತು. ದೋಣಿಯಿಂದ ತೆಗೆದ ಒಂಬತ್ತು ಹಳೆಯ ಪಕ್ಕೆಲುಬುಗಳಲ್ಲಿ ಎಂಟು ಹಬೆಯ ಒಲೆಗೇ ಹೋದವು. ಒಂದರಲ್ಲಿ ಮೇಲಿನ ಮೂರಡಿ ಗಟ್ಟಿ ಉಳಿದಿತ್ತು. ಕಪ್ಪಗೆ, ಭಾರವಾಗಿ, ಬಾಗಿನ ಜೊತೆ ಎಳೆ ಓಡಿದ್ದು ಕಣ್ಣಿಗೆ ಕಾಣುವ ಹಾಗೆ. ಅದನ್ನು ಉರಿಸಬೇಡಿ ಎಂದು ಬಡಿಗರು ಬೇರೆ ಇಟ್ಟಿದ್ದರು. ನಾನು ಕೇಳಿ ಪಡೆದು ಬಸ್ಸಿನಲ್ಲಿ ಮೊಲೆಂಗೆ ತಂದೆ; ಕಂಡಕ್ಟರರು ಅದಕ್ಕೂ ಅರ್ಧ ಟಿಕೇಟು ಹರಿದರು. ಜಗಲಿಯ ಗೋಡೆಗೆ ಒರಗಿಸಿಟ್ಟಿದ್ದೆ. ಅನಮೋಡದ ಮೇಲಿನಿಂದ ಬಂದ ನೆಂಟರೊಬ್ಬರು, ಹುಟ್ಟಿದಾಗಿನಿಂದ ಹೊಲ ಉತ್ತವರು, ಚಹಾದ ಬಟ್ಟಲು ಕೆಳಗಿಟ್ಟು ಅದನ್ನು ಎತ್ತಿ, ತಿರುಗಿಸಿ, ಬಾಗಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು.

"ಒಳ್ಳೇ ಮರ," ಎಂದರು. "ಯಾವ ಹೊಲದ ನೇಗಿಲು ಇದು?"